ಕಾರಾಪುರದ ಸಾಬು: ಆನೆಲಾಯದಿಂದ ಲಂಡನ್ ಮತ್ತು ಹಾಲಿವುಡ್‌ಗೆ

ಸಾಬು (27 ಜನವರಿ 1924 – 2 ಡಿಸೆಂಬರ್ 1963) ಮೈಸೂರು ಸಂಸ್ಥಾನದ ಕಾರಾಪುರದಲ್ಲಿ ಮಾವುತನೊಬ್ಬನ ಮಗನಾಗಿ ಹುಟ್ಟಿ, ಬ್ರಿಟಿಷ್ ಚಲನಚಿತ್ರಗಳ ಮೂಲಕ ಜಗತ್ಪ್ರಸಿದ್ಧರಾದ ನಟ. ಅನಂತರ ಅಮೆರಿಕದಲ್ಲಿ ನೆಲೆಸಿ ಅಲ್ಲಿಯ ಪೌರತ್ವ ಪಡೆದು, ಎರಡನೆಯ ಮಹಾಯುದ್ಧದಲ್ಲಿ ವಾಯುಸೇನೆಯ ಯೋಧರಾಗಿ ಪದಕ ಗಳಿಸಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದರು. ಇಂಗ್ಲಿಷ್ ಚಿತ್ರರಂಗದಲ್ಲಿ ತಾರಾಪದವಿಗೇರಿದ ಮೊದಲ ಭಾರತೀಯ ಕಲಾವಿದರಲ್ಲಿ ಅವರೊಬ್ಬರು. ಅವರ ಹೆಸರು ಕನ್ನಡನಾಡಿನಲ್ಲಿ ಕೇಳಿಬರುವುದು ಅಪರೂಪ. ಹೊರನಾಡಿನಲ್ಲಿ ಬಾಳುವ ಕನ್ನಡಿಗರಿಗಂತೂ, ನಮಗಿಂತ ಬಹಳ ಮುಂಚೆ ಈ ದಾರಿಯನ್ನು ತುಳಿದ ಈ ಮೈಸೂರಿಗನ ಬದುಕು ತಿಳಿದಿರಬೇಕಾದದ್ದು.

ಹುಟ್ಟೂರು ಮತ್ತು ಬಾಲ್ಯ

ಕಾರಾಪುರ ಇಂದಿನ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಕಬಿನಿ ನದಿಯ ದಡದಲ್ಲಿದೆ. ಅದರ ನೆರೆಯ ಕಾಕನಕೋಟೆಯ ಕಾಡು ಸಂಸ್ಥಾನದ ಕಾಲದಲ್ಲಿ ಖೆಡ್ಡಾಕ್ಕೆ ಹೆಸರಾಗಿತ್ತು. ಕಾಡಾನೆಗಳ ಹಿಂಡನ್ನು ನೂರಾರು ಜನ ಡೋಲು, ಪಂಜು, ಕೂಗುಗಳಿಂದ ಬೆದರಿಸಿ, ನದಿಯನ್ನು ದಾಟಿಸಿ, ಭದ್ರವಾದ ದಿಮ್ಮಿಗಳ ಆವರಣದೊಳಕ್ಕೆ ಅಟ್ಟಿ ಸೆರೆಹಿಡಿಯುವ ಕ್ರಮವೇ ಖೆಡ್ಡಾ. ಮೈಸೂರಿನಲ್ಲಿ ಇದನ್ನು ವ್ಯವಸ್ಥಿತವಾಗಿ ರೂಢಿಗೆ ತಂದವನು 19ನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಇಲ್ಲಿ ಅಧಿಕಾರಿಯಾಗಿದ್ದ ಸ್ಯಾಂಡರ್ಸನ್. ಹಿಡಿದ ಆನೆಗಳನ್ನು ಪಳಗಿಸುವ ಹೊಣೆ ಮಾವುತರದು ಮತ್ತು ಕಾವಾಡಿಗಳದು. ಈ ಕಸುಬಿನಲ್ಲಿ ಕಾಡಿನ ಕುರುಬ ಸಮುದಾಯಗಳವರೂ ಮುಸಲ್ಮಾನ ಕುಟುಂಬಗಳವರೂ ತಲೆಮಾರುಗಳಿಂದ ನಿರತರಾಗಿದ್ದರು. ಸಾಬುವಿನ ತಂದೆ ಮಹಾರಾಜರ ಸೇವೆಯಲ್ಲಿದ್ದ ಇಂಥ ಒಬ್ಬ ಮುಸಲ್ಮಾನ ಮಾವುತ.

ಎಳವೆಯಲ್ಲಿಯೇ ತಾಯಿತಂದೆಯರನ್ನು ಕಳೆದುಕೊಂಡ ಹುಡುಗ ಬೆಳೆದದ್ದು ಅರಮನೆಯ ಆನೆಲಾಯದ ಆಶ್ರಯದಲ್ಲಿ. ಅಕ್ಷರಾಭ್ಯಾಸಕ್ಕಿಂತ ಮೊದಲು ಅವನಿಗೆ ದೊರೆತದ್ದು ಆನೆಯ ಸಹವಾಸ. ಸೊಂಡಿಲನ್ನು ಹಿಡಿದು ಹಣೆಯ ಮೇಲೇರಿ ಕತ್ತಿನ ಮೇಲೆ ಕೂರುವುದು, ಕಾಲ್ಬೆರಳಿನಿಂದ ಕಿವಿಯ ಹಿಂದೆ ಒತ್ತಿ ಆನೆಗೆ ದಿಕ್ಕು ತಿಳಿಸುವುದು, ಹೊಳೆಯಲ್ಲಿ ಮೈ ತಿಕ್ಕಿ ತೊಳೆಯುವುದು, ಇವೆಲ್ಲ ಮಾವುತರ ಮಕ್ಕಳಿಗೆ ಆಟದೊಂದಿಗೇ ಬರುವ ವಿದ್ಯೆ. ಮುಂದೆ ತೆರೆಯ ಮೇಲೆ ಜಗತ್ತು ಬೆರಗಿನಿಂದ ಕಂಡದ್ದು ಈ ವಿದ್ಯೆಯನ್ನೇ.

ಅವರ ಹೆಸರಿನ ಕುರಿತು ಒಂದು ಮಾತು. ಅನೇಕ ವಿಶ್ವಕೋಶಗಳಲ್ಲಿ ಅವರು ‘ಸಾಬು ದಸ್ತಗೀರ್’ ಎಂದು ದಾಖಲಾಗಿದ್ದಾರೆ. ವಾಸ್ತವದಲ್ಲಿ ದಸ್ತಗೀರ್ ಎಂಬುದು ಅವರ ಅಣ್ಣ ಶೇಖ್ ದಸ್ತಗೀರ್ ಅವರ ಹೆಸರಿನ ಭಾಗ. ಕುಲನಾಮದ ರೂಢಿಯಿಲ್ಲದ ಮನೆಯ ಮಕ್ಕಳು ಪಶ್ಚಿಮದ ಕಾಗದಪತ್ರಗಳೊಳಗೆ ಹೊಕ್ಕಾಗ ಒಬ್ಬರ ಹೆಸರು ಇನ್ನೊಬ್ಬರಿಗೆ ಅಂಟಿಕೊಳ್ಳುವುದು ಹೊಸತಲ್ಲ. ತಂದೆಯ ಹೆಸರೋ ಊರಿನ ಹೆಸರೋ ದಿಢೀರನೆ ತಮ್ಮ ‘ಕೊನೆಯ ಹೆಸರು’ ಆಗಿಬಿಟ್ಟ ಕನ್ನಡಿಗರು ನಮ್ಮಲ್ಲಿ ಹಲವರಿದ್ದಾರೆ. ತೆರೆಯ ಮೇಲೆ ಮಾತ್ರ ಅವರು ಕೊನೆಯವರೆಗೂ ಬರಿಯ ‘ಸಾಬು’.

ಮೈಸೂರಿಗೆ ಬಂದ ಚಿತ್ರತಂಡ

1935ರಲ್ಲಿ ಲಂಡನ್ ಫಿಲ್ಮ್ಸ್ ಸಂಸ್ಥೆಯ ಒಡೆಯ ಅಲೆಕ್ಸಾಂಡರ್ ಕೋರ್ಡಾ, ಕಿಪ್ಲಿಂಗನ ಕಥೆಯೊಂದನ್ನು ಚಿತ್ರವಾಗಿಸಲು ತಂಡವೊಂದನ್ನು ಮೈಸೂರಿಗೆ ಕಳುಹಿಸಿದರು. 1894ರಲ್ಲಿ ಪ್ರಕಟವಾದ ‘ದಿ ಜಂಗಲ್ ಬುಕ್’ ಸಂಕಲನದ ಆ ಕಥೆಯ ನಾಯಕ ತೂಮಾಯಿ ಎಂಬ ಮಾವುತರ ಹುಡುಗ. ತಂಡದ ನೇತಾರ ರಾಬರ್ಟ್ ಫ್ಲಾಹರ್ಟಿ, ‘ನಾನೂಕ್ ಆಫ್ ದಿ ನಾರ್ತ್’ (1922) ಚಿತ್ರದಿಂದ ಸಾಕ್ಷ್ಯಚಿತ್ರ ಪ್ರಕಾರದ ಪಿತಾಮಹರೆನಿಸಿಕೊಂಡಿದ್ದವರು. ಫ್ಲಾಹರ್ಟಿ ಹುಟ್ಟಿದ್ದು 1884ರಲ್ಲಿ, ನಮ್ಮ ಮಿಶಿಗನ್ ರಾಜ್ಯದ ಉತ್ತರ ಭಾಗದ ಐರನ್ ಮೌಂಟನ್ ಎಂಬ ಗಣಿಯೂರಿನಲ್ಲಿ. ಮಿಶಿಗನ್ನಿನ ಗಣಿಯೂರಿನವನೊಬ್ಬ ಕಬಿನಿಯ ದಡಕ್ಕೆ ಬಂದು, ಅಲ್ಲಿಯ ಹುಡುಗನೊಬ್ಬನನ್ನು ಜಗತ್ತಿಗೆ ಪರಿಚಯಿಸಿದ ಈ ಸಂಗತಿ ಡೆಟ್ರಾಯಿಟ್ ಪರಿಸರದ ಕನ್ನಡಿಗರಿಗೆ ವಿಶೇಷ ಆಸಕ್ತಿಯದು.

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಆ ದಿನಗಳಲ್ಲಿ ಸಂಸ್ಥಾನ ಈ ತಂಡಕ್ಕೆ ಉದಾರವಾಗಿ ನೆರವಾಯಿತು. ಫ್ಲಾಹರ್ಟಿ ಕುಟುಂಬ ತಂಗಿದ್ದು ಮೈಸೂರಿನ ಚಿತ್ತರಂಜನ್ ಮಹಲಿನಲ್ಲಿ. ಅದೇ ಕಟ್ಟಡ ಇಂದು ಗ್ರೀನ್ ಹೋಟೆಲ್ ಎಂಬ ಹೆಸರಿನಿಂದ ಪ್ರವಾಸಿಗರಿಗೆ ಪರಿಚಿತ. ತೂಮಾಯಿ ಪಾತ್ರಕ್ಕೆ ತಕ್ಕ ಹುಡುಗನ ಹುಡುಕಾಟದಲ್ಲಿ ಛಾಯಾಗ್ರಾಹಕ ಓಸ್ಮಂಡ್ ಬೊರಡೇಲ್ ಅವರ ಕಣ್ಣಿಗೆ ಬಿದ್ದವನು ಆನೆಲಾಯದ ಸಾಬು. ಆಗ ಅವನಿಗೆ ಹನ್ನೊಂದು ವರ್ಷ. ಇಂಗ್ಲಿಷ್ ಬಾರದು, ಆದರೆ ಸಂಕೋಚವೂ ಇಲ್ಲ. ಚಿತ್ರದ ಗಜರಾಜ ಕಾಲಾನಾಗನಾಗಿ ಕಾಣಿಸಿಕೊಂಡದ್ದು ಅರಮನೆಯ ಐರಾವತ. ಆ ಬೃಹದಾಕಾರದ ಆನೆಯ ಮುಂದೆ ಮೊಣಕಾಲೆತ್ತರದ ಹುಡುಗ ನಿಂತು ಮಾತನಾಡುವ ದೃಶ್ಯಗಳಲ್ಲಿ ನಟನೆ ಯಾವುದು, ನಿತ್ಯದ ಬಾಳು ಯಾವುದು ಎಂದು ಬೇರ್ಪಡಿಸುವುದು ಇಂದಿಗೂ ಕಷ್ಟ.

ಫ್ಲಾಹರ್ಟಿಯವರದು ಕಥೆಗಿಂತ ಬದುಕನ್ನು ಹಿಂಬಾಲಿಸುವ ನಿಧಾನದ ಕ್ರಮ. ಲಂಡನ್ನಿನ ನಿರ್ಮಾಪಕರಿಗೆ ಬೇಕಾಗಿದ್ದುದು ಕಥೆ. ಕಡೆಗೆ ಅಲೆಕ್ಸಾಂಡರ್ ಕೋರ್ಡಾ ಅವರ ಸಹೋದರ ಜೋಲ್ಟಾನ್ ಕೋರ್ಡಾ ಚಿತ್ರದ ಹೊಣೆ ಹೊತ್ತರು. ಸಾಬು ಮತ್ತು ಅವನ ಅಣ್ಣನನ್ನು 1936ರಲ್ಲಿ ಇಂಗ್ಲೆಂಡಿಗೆ ಕರೆದೊಯ್ದು, ಉಳಿದ ಭಾಗವನ್ನು ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಚಿತ್ರೀಕರಿಸಲಾಯಿತು. 1937ರಲ್ಲಿ ಬಿಡುಗಡೆಯಾದ ‘ಎಲಿಫೆಂಟ್ ಬಾಯ್’ ಆ ವರ್ಷದ ವೆನಿಸ್ ಚಲನಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಪಡೆಯಿತು. ವಿಮರ್ಶಕರಿಗೆ ಕಥೆಗಿಂತ ಹಿಡಿಸಿದ್ದು ಹುಡುಗ.

ಬ್ರಿಟಿಷ್ ತೆರೆಯ ತಾರೆ

ಒಡನೆಯೇ ಕೋರ್ಡಾ ಸಹೋದರರು ಸಾಬುವನ್ನು ಮುಖ್ಯಪಾತ್ರದಲ್ಲಿರಿಸಿ ‘ದಿ ಡ್ರಮ್’ (1938) ತೆಗೆದರು. ವಾಯವ್ಯ ಗಡಿನಾಡಿನ ಬ್ರಿಟಿಷ್ ಪಕ್ಷಪಾತಿ ರಾಜಕುಮಾರನ ಪಾತ್ರ ಅವನದು. ಸಾಮ್ರಾಜ್ಯದ ಗುಣಗಾನವಾದ ಈ ಚಿತ್ರದ ವಿರುದ್ಧ ಬೊಂಬಾಯಿಯಲ್ಲಿ ಪ್ರತಿಭಟನೆಗಳು ನಡೆದವು. ಲಂಡನ್ನಿನಲ್ಲಿ ಮೆಚ್ಚುಗೆಗೆ ಪಾತ್ರನಾದ ಹುಡುಗ ಸ್ವದೇಶದಲ್ಲಿ ಸ್ವಾತಂತ್ರ್ಯ ಚಳವಳಿಗಾರರ ಸಿಟ್ಟಿಗೆ ಗುರಿಯಾದ ಚಿತ್ರದ ಮುಖವಾದನು. ಹದಿನಾಲ್ಕರ ಹರೆಯದವನಿಗೆ ಪಾತ್ರಗಳನ್ನು ಆಯ್ದುಕೊಳ್ಳುವ ಅಧಿಕಾರವಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ಅವರ ಚಿತ್ರಗಳಲ್ಲೆಲ್ಲ ಇಂದಿಗೂ ನಳನಳಿಸುತ್ತಿರುವುದು ‘ದಿ ಥೀಫ್ ಆಫ್ ಬಾಗ್ದಾದ್’ (1940). ಲುಡ್ವಿಗ್ ಬರ್ಗರ್, ಮೈಕೇಲ್ ಪೊವೆಲ್, ಟಿಮ್ ವೀಲನ್ ಮೊದಲಾದವರು ನಿರ್ದೇಶಿಸಿದ ಈ ಅದ್ಭುತರಸದ ಚಿತ್ರದಲ್ಲಿ ಸಾಬು ಅಬು ಎಂಬ ತುಂಟ ಕಳ್ಳ. ರೆಕ್ಸ್ ಇಂಗ್ರಾಮ್ ಅವರ ಪರ್ವತಾಕಾರದ ಭೂತವನ್ನು ಮಾತಿನ ಚಾತುರ್ಯದಿಂದ ಮರಳಿ ಶೀಶೆಯೊಳಗೆ ಇಳಿಸುವ ಸನ್ನಿವೇಶವನ್ನು ಮಕ್ಕಳು ಈಗಲೂ ನಕ್ಕು ನೋಡುತ್ತಾರೆ. ಯುದ್ಧ ಆರಂಭವಾದುದರಿಂದ ಚಿತ್ರೀಕರಣ ಅಮೆರಿಕಕ್ಕೆ ವರ್ಗವಾಗಿ, ಗ್ರ್ಯಾಂಡ್ ಕ್ಯಾನಿಯನ್ ಪರಿಸರದಲ್ಲಿಯೂ ಕೆಲವು ದೃಶ್ಯಗಳನ್ನು ತೆಗೆಯಲಾಯಿತು. ವರ್ಣ ಛಾಯಾಗ್ರಹಣ, ಕಲಾ ನಿರ್ದೇಶನ ಮತ್ತು ವಿಶೇಷ ಪರಿಣಾಮಗಳಿಗಾಗಿ ಚಿತ್ರಕ್ಕೆ ಮೂರು ಆಸ್ಕರ್ ಪ್ರಶಸ್ತಿಗಳು ಸಂದವು.

ಹೀಗೆ ಒಂದು ಚಿತ್ರದ ಕೆಲಸಕ್ಕೆಂದು ಅಟ್ಲಾಂಟಿಕ್ ದಾಟಿದ ಸಾಬು ಅಮೆರಿಕದಲ್ಲಿಯೇ ಉಳಿದರು. ಕ್ಯಾಲಿಫೋರ್ನಿಯಾದಲ್ಲಿ ಕೃತಕ ಕಾಡು ನಿರ್ಮಿಸಿ ತೆಗೆದ ‘ಜಂಗಲ್ ಬುಕ್’ (1942) ಚಿತ್ರದ ಮೋಗ್ಲಿ ಅವರೇ. ಬಳಿಕ ಯೂನಿವರ್ಸಲ್ ಸಂಸ್ಥೆಯೊಡನೆ ಒಪ್ಪಂದವಾಗಿ ‘ಅರೇಬಿಯನ್ ನೈಟ್ಸ್’ (1942), ‘ವೈಟ್ ಸ್ಯಾವೇಜ್’ (1943), ‘ಕೋಬ್ರಾ ವುಮನ್’ (1944) ಚಿತ್ರಗಳಲ್ಲಿ ಮರಿಯಾ ಮೊಂಟೆಜ್ ಮತ್ತು ಜಾನ್ ಹಾಲ್ ಜೋಡಿಯ ಪಕ್ಕದಲ್ಲಿ ಕಾಣಿಸಿಕೊಂಡರು. ಈ ಹಂತದಲ್ಲಿಯೇ ಒಂದು ಬದಲಾವಣೆ ಗೋಚರಿಸುತ್ತದೆ. ಬಾಲಕನಾಗಿದ್ದಾಗ ಕಥಾನಾಯಕನಾಗಿದ್ದವರು, ಯುವಕರಾದಾಗ ನಾಯಕನ ನೆಚ್ಚಿನ ಬಂಟನಾದರು. ಪ್ರೇಮಿಯಾಗುವ, ಮನೆ ಕಟ್ಟುವ, ಹೊಣೆ ಹೊರುವ ಭಾರತೀಯ ಪುರುಷನಿಗೆ ಅಂದಿನ ಹಾಲಿವುಡ್ಡಿನ ಕಥೆಗಳಲ್ಲಿ ಎಡೆಯಿರಲಿಲ್ಲ.

ಪೌರತ್ವ ಮತ್ತು ಯುದ್ಧ

ಸಾಬು 1944ರಲ್ಲಿ ಅಮೆರಿಕದ ಪೌರರಾದರು. ಇದರ ಮಹತ್ವ ಅರಿಯಲು ಹಿನ್ನೆಲೆ ತಿಳಿಯಬೇಕು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ, ಭಾರತೀಯರು ಕಾನೂನಿನ ಅರ್ಥದಲ್ಲಿ ‘ಬಿಳಿಯರು’ ಅಲ್ಲದ್ದರಿಂದ ಪೌರತ್ವಕ್ಕೆ ಅನರ್ಹರೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತ್ತು. ಥಿಂಡ್ ಅವರು ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿ ದುಡಿದವರಾಗಿದ್ದರೂ ಅದು ಲೆಕ್ಕಕ್ಕೆ ಬರಲಿಲ್ಲ. ಎರಡನೆಯ ಮಹಾಯುದ್ಧದ ಕಾಲಕ್ಕೆ ಸೈನ್ಯಸೇವೆಗೆ ಬರುವ ಪರದೇಶಿಗಳಿಗೆ ಶಾಸನ ಕೊಂಚ ಸಡಿಲವಾಗಿತ್ತು. ಸಾಮಾನ್ಯ ಭಾರತೀಯರಿಗೆ ಬಾಗಿಲು ತೆರೆದದ್ದು 1946ರ ಲೂಸ್–ಸೆಲ್ಲರ್ ಶಾಸನದಿಂದ, ಅದೂ ವರ್ಷಕ್ಕೆ ನೂರು ಜನರ ವಲಸೆಯ ಮಿತಿಯೊಡನೆ. ನನ್ನಂತಹ ವೈದ್ಯರೂ ಎಂಜಿನಿಯರುಗಳೂ ಈ ದೇಶಕ್ಕೆ ಬರಲು ದಾರಿಯಾದ 1965ರ ಶಾಸನದಲ್ಲಿಯೂ ಅದೇ ಇಮ್ಯಾನ್ಯುಯೆಲ್ ಸೆಲ್ಲರ್ ಅವರ ಹೆಸರಿದೆ. ಅದನ್ನು ನೋಡಲು ಸಾಬು ಬದುಕಿರಲಿಲ್ಲ.

ತಾರಾಪಟ್ಟವನ್ನು ಬದಿಗಿರಿಸಿ ಅವರು ವಾಯುಸೇನೆ ಸೇರಿದರು. ಪೆಸಿಫಿಕ್ ರಣರಂಗದಲ್ಲಿ 13ನೆಯ ವಾಯುಪಡೆಯ 307ನೆಯ ಬಾಂಬರ್ ದಳದಲ್ಲಿ ಬಿ-24 ಲಿಬರೇಟರ್ ವಿಮಾನಗಳ ಬಾಲದ ತುದಿಯ ಬಂದೂಕುಗಾರರಾಗಿ ಹಲವಾರು ಕಾರ್ಯಾಚರಣೆಗಳಲ್ಲಿ ಹಾರಿದರು. ಬಾಲದ ಬಂದೂಕುಗಾರನದು ವಿಮಾನದಲ್ಲಿಯೇ ಏಕಾಂತದ ಜಾಗ. ಸಂಗಡಿಗರೆಲ್ಲ ಮುಂದೆ, ತಾನೊಬ್ಬ ಇಕ್ಕಟ್ಟಾದ ಗೂಡಿನಲ್ಲಿ ಹಿಂದಕ್ಕೆ ಮುಖ ಮಾಡಿ ಗಂಟೆಗಟ್ಟಲೆ ಕುಳಿತು, ಬೆನ್ನಟ್ಟಿ ಬರುವ ಶತ್ರುವಿಮಾನವನ್ನು ಕಾಯಬೇಕು. ಈ ಸೇವೆಗಾಗಿ ಅವರಿಗೆ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಗೌರವ ಸಂದಿತು.

ಇಲ್ಲಿಯೂ ನಮ್ಮ ಪ್ರದೇಶದ ನಂಟಿದೆ. ಶಿಕಾಗೊದಿಂದ ಡೆಟ್ರಾಯಿಟಿಗೆ ಐ-94 ಹೆದ್ದಾರಿಯಲ್ಲಿ ಹೋಗುವವರು ಇಪ್ಸಿಲ್ಯಾಂಟಿಯ ಬಳಿ ವಿಲೋ ರನ್ ಎಂಬ ಹೆಸರನ್ನು ಕಂಡಿರುತ್ತಾರೆ. ಫೋರ್ಡ್ ಸಂಸ್ಥೆ ಅಲ್ಲಿ ಕಟ್ಟಿದ ಕಾರ್ಖಾನೆಯಲ್ಲಿ ಯುದ್ಧಕಾಲದಲ್ಲಿ 8,685 ಬಿ-24 ವಿಮಾನಗಳು ತಯಾರಾದವು. ಉತ್ಪಾದನೆ ಉಚ್ಛ್ರಾಯದಲ್ಲಿದ್ದಾಗ ಸುಮಾರು ಗಂಟೆಗೊಂದರಂತೆ ವಿಮಾನ ಹೊರಬರುತ್ತಿತ್ತು. ಒಟ್ಟು ತಯಾರಾದ ಲಿಬರೇಟರ್‌ಗಳಲ್ಲಿ ಅರ್ಧಕ್ಕೆ ಸಮೀಪದಷ್ಟು ಇಲ್ಲಿಯವೇ.

ಯುದ್ಧಾನಂತರದ ವರ್ಷಗಳು

ಮರಳಿ ಬಂದ ಸಾಬುಗೆ ಇಂಗ್ಲೆಂಡ್ ಮತ್ತೊಮ್ಮೆ ಒಳ್ಳೆಯ ಪಾತ್ರ ನೀಡಿತು. ಪೊವೆಲ್ ಮತ್ತು ಪ್ರೆಸ್‌ಬರ್ಗರ್ ಜೋಡಿಯ ‘ಬ್ಲ್ಯಾಕ್ ನಾರ್ಸಿಸಸ್’ (1947) ಹಿಮಾಲಯದ ಕ್ರೈಸ್ತ ಸಂನ್ಯಾಸಿನಿಯರ ಮಠವೊಂದರ ಕಥೆ. ಚಿತ್ರ ತಯಾರಾದದ್ದು ಮಾತ್ರ ಪೂರ್ಣವಾಗಿ ಇಂಗ್ಲೆಂಡಿನಲ್ಲಿ. ಸುಗಂಧ ಪೂಸಿಕೊಂಡು ಪಾಠ ಕಲಿಯಲು ಬರುವ ಯುವ ಜನರಲ್ ಪಾತ್ರದಲ್ಲಿ ಸಾಬು ತೋರುವ ಲಘುಹಾಸ್ಯ, ಅವರ ನಟನಾಶಕ್ತಿ ಆನೆ ಸವಾರಿಗಷ್ಟೇ ಸೀಮಿತವಾಗಿರಲಿಲ್ಲವೆಂಬುದಕ್ಕೆ ಸಾಕ್ಷಿ. ಅದೇ ವರ್ಷದ ‘ದಿ ಎಂಡ್ ಆಫ್ ದಿ ರಿವರ್’ ಚಿತ್ರದಲ್ಲಿ ಅವರು ಬ್ರೆಜಿಲಿನ ಮೂಲನಿವಾಸಿ ಯುವಕ. ಆ ಬಳಿಕ ಬಂದವು ‘ಮ್ಯಾನ್-ಈಟರ್ ಆಫ್ ಕುಮಾವೂನ್’ (1948), ‘ಸಾಂಗ್ ಆಫ್ ಇಂಡಿಯಾ’ (1949) ಮುಂತಾದ ಸಾಧಾರಣ ಚಿತ್ರಗಳು. 1948ರಲ್ಲಿ ನಟಿ ಮೆರಿಲಿನ್ ಕೂಪರ್ ಅವರನ್ನು ವಿವಾಹವಾದರು. ಮಗ ಪಾಲ್ ಸಾಬು ಮುಂದೆ ರಾಕ್ ಸಂಗೀತಗಾರರಾದರು. ಮಗಳು ಜಾಸ್ಮಿನ್ ಚಲನಚಿತ್ರಗಳಿಗೆ ಪ್ರಾಣಿಗಳನ್ನು ತರಬೇತುಗೊಳಿಸುವ ಕಸುಬನ್ನು ಆಯ್ದುಕೊಂಡರು. ಕಾರಾಪುರದ ಆನೆಲಾಯದ ವಿದ್ಯೆ ಹೀಗೆ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ತಲೆಮಾರು ಮುಂದುವರಿಯಿತು.

ಐವತ್ತರ ದಶಕ ಅವಕಾಶಗಳು ಬತ್ತಿದ ಕಾಲ. 1952ರಲ್ಲಿ ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆಗಳೊಡನೆ ಪ್ರದರ್ಶನ ನೀಡಿದರು. ಇಟಲಿಯಲ್ಲಿ ವಿಟ್ಟೋರಿಯೊ ಡಿ ಸಿಕಾ ಜೊತೆ ‘ಹಲೋ ಎಲಿಫೆಂಟ್’ (1952) ಚಿತ್ರದಲ್ಲಿ ನಟಿಸಿದರು. ಮೆಹಬೂಬ್ ಖಾನ್ ತಮ್ಮ ‘ಮದರ್ ಇಂಡಿಯಾ’ (1957) ಚಿತ್ರದ ಬಿರ್ಜು ಪಾತ್ರಕ್ಕೆ ಮೊದಲು ಆರಿಸಿಕೊಂಡದ್ದು ಸಾಬುವನ್ನೇ. ಆದರೆ ಈಗ ಅಮೆರಿಕದ ಪ್ರಜೆಯಾಗಿದ್ದ ಅವರಿಗೆ ಭಾರತದಲ್ಲಿ ಕೆಲಸ ಮಾಡುವ ಪರವಾನಗಿ ದೊರೆಯದೆ, ಪಾತ್ರ ಸುನಿಲ್ ದತ್ ಅವರ ಪಾಲಾಯಿತು. ಒಂದು ದೇಶದ ಪೌರತ್ವ ಹುಟ್ಟಿದ ದೇಶದ ಬಾಗಿಲನ್ನು ಮುಚ್ಚಬಲ್ಲದೆಂಬುದು ನಮ್ಮಲ್ಲಿ ಅನೇಕರ ಮನೆಗಳಲ್ಲಿಯೂ ಚರ್ಚೆಯಾದ ವಿಷಯ. ಸಾಬುಗೆ ಅದು ಭಾರತೀಯ ಚಿತ್ರವೊಂದರಲ್ಲಿ ನಟಿಸುವ ಅವಕಾಶವನ್ನೇ ಕಸಿಯಿತು.

ದೂರದರ್ಶನವೆಂಬ ಹೊಸ ಮಾಧ್ಯಮವೂ ಕೈಹಿಡಿಯಲಿಲ್ಲ. ‘ಸಾಬು ಅಂಡ್ ದಿ ಮ್ಯಾಜಿಕ್ ರಿಂಗ್’ (1957) ಮೂಲತಃ ಟೆಲಿವಿಷನ್ ಧಾರಾವಾಹಿಯಾಗಬೇಕಿತ್ತು. ಪ್ರಾಯೋಗಿಕ ಕಂತುಗಳನ್ನೇ ಜೋಡಿಸಿ ಚಿತ್ರಮಂದಿರಕ್ಕೆ ಬಿಡಲಾಯಿತು. ಮೂವತ್ತಮೂರು ವರ್ಷದ ಗೃಹಸ್ಥ ಇನ್ನೂ ರುಮಾಲು ಸುತ್ತಿ ಅಲ್ಲಾವುದ್ದೀನನ ಕಥೆಯ ಹುಡುಗನಾಗಬೇಕಿತ್ತು. ಮೂರು ದಶಕಗಳ ಬಳಿಕ, 1986ರಲ್ಲಿ ಶಂಕರ್ ನಾಗ್ ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಚಿತ್ರಿಸಿದಾಗ ಕನ್ನಡದ ಹುಡುಗನೊಬ್ಬ ಸ್ವಾಮಿಯಾಗಿ ದೇಶದ ಮನೆಮನೆಗೂ ಬಂದನು. ಅಲ್ಲಿ ಹುಡುಗನ ಅಪ್ಪ, ಅಜ್ಜಿ, ಶಾಲೆ, ಬೀದಿ ಎಲ್ಲವೂ ಅವನವೇ ಆಗಿದ್ದವು. ಸಾಬುವಿನ ಪಾತ್ರಗಳಿಗೆ ಅಂಥ ಊರೊಂದು ದಕ್ಕಲೇ ಇಲ್ಲ.

ಜೀವನೋಪಾಯಕ್ಕಾಗಿ ಅಣ್ಣನೊಡನೆ ಪೀಠೋಪಕರಣಗಳ ವ್ಯಾಪಾರ ನಡೆಸಿದರು. 1960ರಲ್ಲಿ ಹಾಲಿವುಡ್ಡಿನ ಕೀರ್ತಿಪಥದಲ್ಲಿ ಅವರ ಹೆಸರಿನ ನಕ್ಷತ್ರ ನೆಲೆಗೊಂಡಿತು. ಅದೇ ವರ್ಷ ಅಂಗಡಿಯಲ್ಲಿ ನಡೆದ ದರೋಡೆಯಲ್ಲಿ ಅಣ್ಣ ಕೊಲೆಯಾದರು.

ಅಕಾಲ ಮರಣ: ಒಂದು ವೈದ್ಯಕೀಯ ಟಿಪ್ಪಣಿ

2 ಡಿಸೆಂಬರ್ 1963ರಂದು ಸಾಬು ಲಾಸ್ ಏಂಜಲಿಸ್‌ನ ಚ್ಯಾಟ್ಸ್‌ವರ್ತ್‌ನ ತಮ್ಮ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಕೆಲವೇ ದಿನಗಳ ಹಿಂದೆ ಅವರನ್ನು ಪರೀಕ್ಷಿಸಿದ ವೈದ್ಯರು, ಎಲ್ಲ ರೋಗಿಗಳೂ ಇಷ್ಟು ಆರೋಗ್ಯವಾಗಿದ್ದರೆ ತಮಗೆ ಕೆಲಸವೇ ಇರದೆಂದು ಹಾಸ್ಯ ಮಾಡಿದ್ದರೆಂದು ಪತ್ನಿ ಮುಂದೆ ಸ್ಮರಿಸಿಕೊಂಡಿದ್ದಾರೆ.

ವೈದ್ಯನಾಗಿ ನನಗೆ ಈ ಪ್ರಸಂಗ ಆಶ್ಚರ್ಯ ತರಿಸುವುದಿಲ್ಲ. ವಿಶ್ರಾಂತ ಸ್ಥಿತಿಯಲ್ಲಿ ತೆಗೆದ ಇಸಿಜಿ ಸಹಜವಾಗಿದ್ದರೂ ಹೃದಯದ ರಕ್ತನಾಳದಲ್ಲಿ ಕೊಬ್ಬಿನ ಪದರ ಬೆಳೆದಿರಬಹುದು. ನಾಳವನ್ನು ಅಷ್ಟಾಗಿ ಕಿರಿದುಗೊಳಿಸದ ಪದರವೂ ಹಠಾತ್ತನೆ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ನಾಳ ಪೂರ್ಣ ಮುಚ್ಚಬಹುದು. 1963ರ ವೈದ್ಯರ ಕೈಯಲ್ಲಿದ್ದ ಸಾಧನಗಳೂ ಕಡಿಮೆ. ಎದೆಯೊತ್ತಿ ಹೃದಯವನ್ನು ಪುನಶ್ಚೇತನಗೊಳಿಸುವ ವಿಧಾನ ಪ್ರಕಟವಾದದ್ದು 1960ರಲ್ಲಿ. ಹೃದಯದ ತೀವ್ರನಿಗಾ ಘಟಕಗಳು ಆಗಷ್ಟೇ ತಲೆಯೆತ್ತುತ್ತಿದ್ದವು. ಫವಲೋರೊ ಅವರ ಬೈಪಾಸ್ ಶಸ್ತ್ರಚಿಕಿತ್ಸೆ 1967ರದು, ಬಲೂನ್ ಚಿಕಿತ್ಸೆ 1977ರದು, ಮೊದಲ ಸ್ಟ್ಯಾಟಿನ್ ಔಷಧ ಮಾರುಕಟ್ಟೆಗೆ ಬಂದದ್ದು 1987ರಲ್ಲಿ.

ಸಾಬುವಿನ ಕಾಯಿಲೆಯ ಮೂಲ ಇಂಥದೇ ಎಂದು ಹೇಳುವುದು ಇಲ್ಲಿಯ ಉದ್ದೇಶವಲ್ಲ. ಆದರೆ ದಕ್ಷಿಣ ಏಷ್ಯಾ ಮೂಲದವರಲ್ಲಿ ಹೃದಯದ ರಕ್ತನಾಳಗಳ ರೋಗ ಇತರರಿಗಿಂತ ಎಳೆಯ ವಯಸ್ಸಿನಲ್ಲಿ ಕಾಣಿಸಿಕೊಳ್ಳುವುದು ಇಂದು ಸ್ಥಾಪಿತ ಸಂಗತಿ. ಮೈತೂಕ ಹೆಚ್ಚಿಲ್ಲದಿದ್ದರೂ ಹೊಟ್ಟೆಯ ಸುತ್ತ ಕೊಬ್ಬು, ಬೇಗ ಬರುವ ಮಧುಮೇಹ, ವಂಶಪಾರಂಪರ್ಯವಾಗಿ ಬರುವ ಲೈಪೊಪ್ರೋಟೀನ್-ಎ, ಇವು ಅದರ ಕಾರಣಗಳಲ್ಲಿ ಕೆಲವು. 2010ರಲ್ಲಿ ಆರಂಭವಾದ ‘ಮಸಾಲಾ’ ಎಂಬ ದೀರ್ಘಾವಧಿ ಅಧ್ಯಯನಕ್ಕೆ ಶಿಕಾಗೊದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ಒಂದು ಕೇಂದ್ರ. 2018ರ ಅಮೆರಿಕದ ಕೊಲೆಸ್ಟರಾಲ್ ಮಾರ್ಗಸೂಚಿ ದಕ್ಷಿಣ ಏಷ್ಯಾ ಮೂಲವನ್ನೇ ಅಪಾಯವನ್ನು ಹೆಚ್ಚಿಸುವ ಅಂಶಗಳಲ್ಲಿ ಸೇರಿಸಿದೆ. ಮೂವತ್ತು ದಾಟಿದ ಓದುಗರು ಕುಟುಂಬದ ಹೃದ್ರೋಗದ ಇತಿಹಾಸವನ್ನು ತಮ್ಮ ವೈದ್ಯರಿಗೆ ತಾವಾಗಿಯೇ ತಿಳಿಸಿ, ಜೀವಮಾನದಲ್ಲಿ ಒಮ್ಮೆಯಾದರೂ ಲೈಪೊಪ್ರೋಟೀನ್-ಎ ಪರೀಕ್ಷೆಯ ಕುರಿತು ವಿಚಾರಿಸುವುದು ಒಳಿತು. ನಡೆಯುವಾಗ ಎದೆ ಬಿಗಿದರೆ ಅದನ್ನು ‘ಗ್ಯಾಸ್’ ಎಂದು ತಳ್ಳಿಹಾಕಬಾರದು.

ಉಳಿದದ್ದು

ಅವರು ಕಡೆಯದಾಗಿ ನಟಿಸಿದ ಡಿಸ್ನಿಯ ‘ಎ ಟೈಗರ್ ವಾಕ್ಸ್’ ಮರಣಾನಂತರ 1964ರಲ್ಲಿ ತೆರೆಕಂಡಿತು. ಹದಿನಾಲ್ಕು ವರ್ಷಗಳ ಬಳಿಕ ಸಾಬುವನ್ನು ನೆನೆದವನು ಶಿಕಾಗೊದ ಹೊರವಲಯದ ಮೇವುಡ್‌ನಲ್ಲಿ ಹುಟ್ಟಿ ಬೆಳೆದ ಗೀತಕಾರ ಜಾನ್ ಪ್ರೈನ್. ಅವನ 1978ರ ‘ಬ್ರೂಯಿಸ್ಡ್ ಆರೆಂಜ್’ ಸಂಗ್ರಹದಲ್ಲಿ, ಚಿತ್ರಪ್ರಚಾರಕ್ಕಾಗಿ ಚಳಿಗಾಲದ ಮಧ್ಯಪಶ್ಚಿಮದಲ್ಲಿ ಒಂಟಿಯಾಗಿ ಅಲೆಯುವ ಸಾಬುವಿನ ಕುರಿತ ಹಾಡಿದೆ. ಜನವರಿಯ ಹಿಮದಲ್ಲಿ ಮೊದಲ ಬಾರಿಗೆ ಈ ಪ್ರದೇಶಕ್ಕೆ ಬಂದಿಳಿದ ಯಾವ ಕನ್ನಡಿಗನಿಗೂ ಆ ಹಾಡಿನ ಭಾವಕ್ಕೆ ವ್ಯಾಖ್ಯಾನ ಬೇಕಾಗದು.

ಮೈಸೂರಿನ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಕೆಲವೇ ವರ್ಷಗಳಲ್ಲಿ ಕಬಿನಿ ಅಣೆಕಟ್ಟಿನ ಹಿನ್ನೀರು ಆ ಕಣಿವೆಯ ಬಹುಭಾಗವನ್ನು ಮುಳುಗಿಸಿತು. ಈಗ ಕಾರಾಪುರಕ್ಕೆ ಹೋಗುವವರು ನೋಡುವುದು ವಿಶಾಲ ಜಲಾಶಯ, ಅದರ ಅಂಚಿಗೆ ಬೇಸಗೆಯಲ್ಲಿ ಮೇಯಲು ಬರುವ ಆನೆಹಿಂಡುಗಳು ಮತ್ತು ಸಫಾರಿ ವಾಹನಗಳು. ಮುಳುಗುವ ಮುನ್ನ ಆ ಹೊಳೆ, ಆ ಬಿದಿರುಮೆಳೆ, ಮಾವುತರ ಆ ಬದುಕು ಹೇಗಿತ್ತೆಂಬುದಕ್ಕೆ ಉಳಿದಿರುವ ಜೀವಂತ ಚಿತ್ರಣಗಳಲ್ಲಿ ಫ್ಲಾಹರ್ಟಿ ಮೈಸೂರಿನಲ್ಲಿ ತೆಗೆದ ದೃಶ್ಯಗಳೂ ಸೇರಿವೆ. ಶಿಕಾಗೊದ ವಿದ್ಯಾರಣ್ಯ ಕನ್ನಡ ಕೂಟವಾಗಲಿ, ಡೆಟ್ರಾಯಿಟಿನ ಪಂಪ ಕನ್ನಡ ಕೂಟವಾಗಲಿ ಮಕ್ಕಳಿಗಾಗಿ ಚಲನಚಿತ್ರವೊಂದನ್ನು ಆರಿಸುವಾಗ ‘ಎಲಿಫೆಂಟ್ ಬಾಯ್’ ಪರಿಗಣನೆಗೆ ಯೋಗ್ಯ. ಕಿಪ್ಲಿಂಗನ ದೃಷ್ಟಿಯ ಮಿತಿಗಳನ್ನು ಹಿರಿಯರು ಪಕ್ಕದಲ್ಲಿ ಕುಳಿತು ವಿವರಿಸಬಹುದು. ಐರಾವತನ ಸೊಂಡಿಲು ಹಿಡಿದು ಮೇಲೇರುವ ಹನ್ನೊಂದು ವರ್ಷದ ಹುಡುಗ ನಮ್ಮ ಊರಿನವನೆಂದು ಮಕ್ಕಳಿಗೆ ತಿಳಿದರೆ, ಉಳಿದುದನ್ನು ಚಿತ್ರವೇ ಹೇಳುತ್ತದೆ.